ಗ್ಯಾಲರಿಯಲ್ಲಿ ನಿಂತವಳು

ದೆವ್ವ, ಗಾಳಿ, ಸತ್ತವರ ದನಿ ಎಂದರೆ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಇಂಥ ಕತೆ ತೆಗೆದರೆ, ‘ಅವತ್ತು ಎಷ್ಟು ಕುಡಿದಿದ್ದೆ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಕೇಳುವುದಿಲ್ಲ. ಹಾಗೆಂದು ನಂಬುತ್ತೇನೆ ಅಂತಲೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೇನಾದರೂ ತಿಳಿದರೆ ಒಳ್ಳೆಯದು.

ಹಳೆಯ ಓಣಿಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ವಾರವಿಡೀ ಖರಾಡಿಯ ಗಾಜಿನ ಆಫೀಸು ಕಟ್ಟಡದೊಳಗೆ ಕೂತು ಕಣ್ಣು ಮಂಕಾದಾಗ, ಭಾನುವಾರ ಬೆಳಿಗ್ಗೆ ಕ್ಯಾಮರಾ ಹೆಗಲಿಗೇರಿಸಿ ಬ್ರಿಟಿಷರ ಕಾಲದ ಪುಣೆ ಕ್ಯಾಂಪಿನ ಕಡೆ ಹೊರಡುತ್ತೇನೆ. ದೊಡ್ಡ ರಸ್ತೆಗಳು ನನಗೆ ಬೇಡ. ಹಿಂದಿನ ಸಂದಿಗಳು, ಬಣ್ಣ ಹೋದ ಬಾಗಿಲುಗಳು, ಅರಳಿಗಿಡ ಬೇರುಬಿಟ್ಟ ಗೋಡೆಗಳು, ಇಂದೋ ನಾಳೆಯೋ ಬೀಳಿಸಲಿರುವ ಮರದ ಗ್ಯಾಲರಿಗಳು, ಇವೇ ಬೇಕು.

ನನ್ನ ಅಕ್ಕನ ಬಗ್ಗೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಾವು ವಿಜಯಪುರದ ಕಡೆಯವರು. ಅಪ್ಪ ಪುಣೆಯ ಬಟ್ಟೆ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತರಾಗಿದ್ದರು, ಮನೆಯೂ ಪುಣೆಯಲ್ಲೇ. ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಕ್ಕ, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವ ಒಬ್ಬ ಕ್ರಿಶ್ಚಿಯನ್ ಹುಡುಗನನ್ನು ಮದುವೆಯಾದಳು. ಅಪ್ಪ ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಬಂದು, ‘ಇನ್ನ ಆಕಿ ಸತ್ತಳು. ಹೆಸರ ತಗೀಬ್ಯಾಡ್ರಿ’ ಎಂದರು. ಅವಳು ಗಂಡನ ಜೊತೆ ಗೋವೆಗೆ ಹೋದಳು, ಅಲ್ಲಿಂದ ಗಲ್ಫಿಗೆ ಹೋದಳು ಎಂದು ಆಮೇಲೆ ಅಪ್ಪನೇ ಸುದ್ದಿ ತಂದು ಹೇಳಿದರು. ಅವ್ವ ಅದನ್ನೇ ನಂಬಿದಳು. ಆಕಾಶದಲ್ಲಿ ವಿಮಾನದ ಸದ್ದಾದರೆ ಹೊರಗೆ ಬಂದು ನಿಲ್ಲುತ್ತಿದ್ದಳು. ಕಡೆಗೆ ಮಗಳ ಮುಖ ನೋಡದೆಯೇ ತೀರಿಕೊಂಡಳು.

ಇದಾಗಿ ಕೆಲವು ವರ್ಷಗಳ ಮೇಲೆ, ಮಳೆ ನಿಂತ ಒಂದು ಭಾನುವಾರ, ಕ್ಯಾಂಪಿನ ಹಳೆ ಮಾರ್ಕೆಟ್ಟಿನ ಹಿಂದೆ ನಾನು ಎಂದೂ ಹೊಕ್ಕಿರದ ಒಂದು ಓಣಿ ಹೊಕ್ಕೆ. ಎರಡಂತಸ್ತಿನ ಮನೆಯೊಂದು ಒಂದು ಬದಿಗೆ ವಾಲಿಕೊಂಡು ನಿಂತಿತ್ತು. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮರದ ಗ್ಯಾಲರಿ. ಬಿಸಿಲು ಇನ್ನೂ ಸೂರಿನ ಮೇಲಿತ್ತು. ಕ್ಯಾಮರಾ ಎತ್ತಿ ಒಂದು ಚಿತ್ರ ತೆಗೆದೆ.

‘ಚಿಮಣ್ಯಾ’ ಎಂದು ಯಾರೋ ಕರೆದರು.

ಆ ಹೆಸರು ಈಗ ಯಾರಿಗೂ ಗೊತ್ತಿಲ್ಲ. ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿ; ನಾನು ಗುಬ್ಬಿಯ ಹಾಗೆ ತಿನ್ನುತ್ತೇನೆಂದು ಅಕ್ಕ ಇಟ್ಟದ್ದು. ಅವಳು ಹೋದ ಮೇಲೆ ಮನೆಯಲ್ಲಿ ಯಾರೂ ಹಾಗೆ ಕರೆಯಲಿಲ್ಲ. ತಲೆಯೆತ್ತಿ ನೋಡಿದೆ. ಗ್ಯಾಲರಿಯ ಕಟಾಂಜನಕ್ಕೆ ಎರಡೂ ಕೈಯೂರಿ ಒಬ್ಬ ಹೆಂಗಸು ನಿಂತಿದ್ದಳು. ಅವಳ ಹಿಂದಿನ ಬಾಗಿಲು ತೆರೆದಿತ್ತು. ಬೆಳಕು ಅವಳ ಬೆನ್ನ ಕಡೆಯಿಂದ ಬರುತ್ತಿದ್ದುದರಿಂದ ಮುಖ ಸರಿಯಾಗಿ ಕಾಣಲಿಲ್ಲ.

‘ಅವ್ವ ಹ್ಯಾಂಗದಾಳೋ?’ ಎಂದಳು. ನಿನ್ನೆ ಸಂಜೆ ತಾನೇ ಮನೆಯಿಂದ ಹೋದವಳು ಕೇಳುವ ಹಾಗೆ ಕೇಳಿದಳು.

‘ಅಕ್ಕಾ, ತಡಿ, ಬಂದೆ’ ಎಂದವನು ಅಂಗಡಿಯೊಳಗೇ ನುಗ್ಗಿದೆ. ಮೇಲೆ ಹೋಗುವ ದಾರಿ ಕಾಣದೆ ಮಷಿನ್‌ಗೆ ಡಿಕ್ಕಿ ಹೊಡೆದೆ. ಹೊಲಿಯುತ್ತಿದ್ದ ಮುದುಕ ಕನ್ನಡಕದ ಮೇಲಿಂದ ನೋಡಿ, ‘ವರ್ ಕೋಣೀ ನಾಹೀ’ ಎಂದ. ಮೇಲೆ ಯಾರೂ ಇಲ್ಲ.

ಈಗ ತಾನೇ ಮಾತಾಡಿಸಿದರು ಎಂದೆ. ಆತ ವಾದಿಸಲಿಲ್ಲ. ಓಣಿ ಸುತ್ತಿಸಿ ಮನೆಯ ಹಿಂಬದಿಗೆ ಕರೆದುಕೊಂಡು ಹೋಗಿ, ಕಲ್ಲಿನ ಮೆಟ್ಟಿಲು ಹತ್ತಿಸಿ ಬಾಗಿಲು ತೋರಿಸಿದ. ಬೀಗ ತುಕ್ಕು ಹಿಡಿದಿತ್ತು. ಕಿಟಕಿಯ ಸಂದಿಯಿಂದ ಇಣುಕಿದೆ. ಕೋಣೆ ಖಾಲಿ. ಆಚೆ ಗ್ಯಾಲರಿಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ನೆಲದ ತುಂಬ ಧೂಳು. ಅದರ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಇಲ್ಲಿ ಯಾರಿದ್ದರು ಎಂದು ಮರಾಠಿಯಲ್ಲಿ ಕೇಳಿದೆ. ಬ್ಯಾಂಡಿನವನ ಹೆಂಡತಿ, ಎಂದ. ಗಂಡ ತೀರಿಕೊಂಡ ಮೇಲೂ ಒಬ್ಬಳೇ ಇದ್ದಳು, ಅವಳೂ ಹೋದ ಬೇಸಿಗೆಯಲ್ಲಿ ಜ್ವರದಲ್ಲಿ ಹೋದಳು. ಮಕ್ಕಳಿರಲಿಲ್ಲ. ಚರ್ಚಿನವರು, ಓಣಿಯವರು ಸೇರಿ ಮಣ್ಣು ಮಾಡಿದರು. ‘ನಮ್ಮ ಜೊತೆ ಮರಾಠಿಯನ್ನೇ ಮಾತಾಡುತ್ತಿದ್ದಳು. ಪಾರಿವಾಳ ಓಡಿಸುವಾಗ ಮಾತ್ರ ಕಾನಡಿಯಲ್ಲಿ ಬಯ್ಯುತ್ತಿದ್ದಳು,’ ಎಂದ. ಗಲ್ಫಿಗೆ ಯಾವಾಗ ಹೋಗಿದ್ದರು ಎಂದೆ. ಆತನಿಗೆ ಅರ್ಥವಾಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಈ ಓಣಿ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂದರೆ ಅವಳು ಇದೇ ಊರಲ್ಲಿದ್ದಳು, ಒಂದು ಸಿಟಿ ಬಸ್ಸಿನ ದೂರದಲ್ಲಿ. ಸತ್ತವಳೇ ಬಂದು ನನ್ನನ್ನು ಮಾತಾಡಿಸಿದಳು ಎಂದು ಒಪ್ಪಿದರೂ ಒಂದು ಸಂಕಟ ಉಳಿಯುತ್ತದೆ. ಅವ್ವ ಹೋಗಿ ವರ್ಷಗಳಾದವು ಎಂಬುದು ಅವಳಿಗೆ ಇನ್ನೂ ಗೊತ್ತಿರಲಿಲ್ಲವೆ? ಅಲ್ಲಿಯೂ ಅವರಿಬ್ಬರೂ ಒಬ್ಬರಿಗೊಬ್ಬರು ಸಿಗಲಿಲ್ಲವೆ?

ಮನೆಗೆ ಬಂದು ಚಿತ್ರವನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಕಟಾಂಜನ, ಮುಚ್ಚಿದ ಬಾಗಿಲು, ಒಂದು ಪಾರಿವಾಳ. ಮತ್ತೇನೂ ಇರಲಿಲ್ಲ.

ಅಪ್ಪ ನನ್ನ ಜೊತೆಗೇ ಇದ್ದಾರೆ. ಲ್ಯಾಪ್‌ಟಾಪನ್ನು ಅವರ ಮುಂದೆ ಇಟ್ಟು, ‘ಕ್ಯಾಂಪಿನಾಗ ಒಂದು ಹಳೆ ಮನಿ, ನೋಡ್ರಿ’ ಎಂದೆ. ಬೇರೆ ಒಂದು ಮಾತನ್ನೂ ಆಡಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

‘ಮೆಟ್ಟಲಾ ಹಿಂದ ಅದಾವು,’ ಎಂದರು.

‘ನೀವು ಹೋಗಿದ್ರ್ಯಾ?’

‘ಕೆಳಗ ನಿಂತು ಬಂದೇನಿ. ಮ್ಯಾಲ ಹತ್ತಲಿಲ್ಲ.’

‘ಅವ್ವಗ ಯಾಕ ಹೇಳಲಿಲ್ಲ? ಆಕಿ ಅಳಕೋತನ ಹೋದ್ಲು.’

ಅವರು ಪರದೆಯ ಹತ್ತಿರ ಮುಖ ತಂದು, ಆ ಖಾಲಿ ಗ್ಯಾಲರಿಯ ಮೇಲೆ ಬೆರಳಿಟ್ಟು, ತಮಗೇ ಹೇಳಿಕೊಳ್ಳುವಂತೆ ಮೆಲ್ಲಗೆ ಅಂದರು: ‘ಭಾಳ ಸೊರಗ್ಯಾಳ.’

ನಾನು ಕಂಡದ್ದನ್ನು ಅವರಿಗೆ ಹೇಳಿರಲಿಲ್ಲ. ಅವಳು ಸತ್ತ ಸುದ್ದಿಯನ್ನೂ ಹೇಳಿರಲಿಲ್ಲ. ಕೈ ಹಿಡಿದು ಕೇಳಿದೆ, ‘ಯಾರು? ಯಾರ ಕಾಣ್ತಾರ ನಿಮಗ?’ ಅವರು ಕೈ ಬಿಡಿಸಿಕೊಂಡು ಎದ್ದು ಕೋಣೆಗೆ ಹೋದರು. ಮರುದಿನ ಕೇಳಿದರೆ, ‘ನಾ ಏನೂ ಅಂದಿಲ್ಲ’ ಎಂದರು. ಇವತ್ತಿಗೂ ಅದನ್ನೇ ಹೇಳುತ್ತಾರೆ.

ವಯಸ್ಸಾದವರ ಕಣ್ಣು, ಮನಸ್ಸಿನ ಭ್ರಮೆ ಎಂದು ಗೆಳೆಯನೊಬ್ಬ ಸಮಾಧಾನ ಹೇಳಿದ. ಇರಬಹುದು. ನನ್ನದೂ ಭ್ರಮೆಯೇ ಇರಬಹುದು. ಆದರೆ ಅಪ್ಪ ಮಲಗಿದ ಹೊತ್ತಿನಲ್ಲಿ ನಾನು ಆ ಚಿತ್ರವನ್ನು ಎಷ್ಟೋ ಸಲ ತೆರೆದಿದ್ದೇನೆ. ದೊಡ್ಡದು ಮಾಡಿ, ಬೆಳಕು ಹೆಚ್ಚಿಸಿ, ಮೂಲೆ ಮೂಲೆ ಹುಡುಕಿದ್ದೇನೆ. ನನಗೆ ಬರೀ ಕಟ್ಟಿಗೆ ಕಾಣುತ್ತದೆ. ಅವಳು ಕಾಣುವುದೇ ಆದರೆ, ಅವಳನ್ನು ಬದುಕಿದ್ದಾಗಲೇ ಸಾಯಿಸಿದವರಿಗೆ ಯಾಕೆ ಕಾಣಬೇಕು ಎಂಬುದು ನನಗೆ ಇನ್ನೂ ತಿಳಿದಿಲ್ಲ.