ಅತ್ತೆಯವರು ಅಫೀಮು ಬಿಟ್ಟದ್ದು

ಇವತ್ತು ಮುಂಜಾನೆ ನಮ್ಮ ಸೊಸೆ ಪಾಯಸಕ್ಕೆಂದು ಗಸಗಸೆ ಹುರಿಯುತ್ತಿದ್ದಳು. ಆ ವಾಸನೆ ಪಡಸಾಲೆಗೆ ಬಂದಾಗ ನಾನು ಪೇಪರ್ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಮರ್ಯಾದೆಯ ಮಾತು. ಈ ವಯಸ್ಸಿನಲ್ಲಿ ಪೇಪರ್ ಹಿಡಿಯುವುದು ಸತ್ತವರ ಫೋಟೋದಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ನೋಡಲಿಕ್ಕೆ. ಗಸಗಸೆ ಯಾವ ಗಿಡದ್ದೋ ಅಫೀಮೂ ಅದೇ ಗಿಡದ್ದು. ನಿಮಗೆ ಅದು ಗೊತ್ತಿರಬಹುದು. ನನಗೆ ಗೊತ್ತಾದದ್ದು ನಮ್ಮ ಅತ್ತೆಯವರಿಂದ.

ನಾನು ಕುಷ್ಟಗಿಗೆ ಸೊಸೆಯಾಗಿ ಬಂದಾಗ ನಿಜಾಮರ ಆಳ್ವಿಕೆ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು, ನಮ್ಮಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಮಾವನವರದು ಜೋಳ, ತೊಗರಿಯ ವ್ಯಾಪಾರ. ಆದರೆ ಮನೆಯ ದರಬಾರು ಅತ್ತೆ ನೀಲಮ್ಮನವರದು. ಅವರ ದನಿ ಎತ್ತುಗಳಿಗೂ ಗುಮಾಸ್ತರಿಗೂ ಒಂದೇ ಸಮನೆ ಕೇಳುತ್ತಿತ್ತು. ನನಗಂತೂ ಮೊದಲ ಕೆಲವು ತಿಂಗಳು ಅವರ ಕೆಮ್ಮು ಕೇಳಿದರೂ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು.

ಅಂಥವರು ದಿನಾ ಮುಂಜಾನೆ ಚಹಾ ಕುಡಿದ ಮೇಲೆ ಎಲೆ ಅಡಿಕೆಯ ಸಂಚಿಯೊಳಗಿನ ಹಿತ್ತಾಳೆ ಡಬ್ಬಿ ತೆಗೆದು, ತೊಗರಿ ಕಾಳಿನಷ್ಟು ಕರಿಯ ಉಂಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೇಳಿದರೆ “ಮೊಣಕಾಲ ನೋವಿನ ಔಷಧ” ಎನ್ನುತ್ತಿದ್ದರು. ಮುಚ್ಚುಮರೆಯೇನಿರಲಿಲ್ಲ. ಬಜಾರಿನಲ್ಲಿ ಸರ್ಕಾರದ ಗುತ್ತಿಗೆ ಹಿಡಿದವನ ಅಂಗಡಿಯಲ್ಲಿ ಬೆಲ್ಲ ಮಾರಿದ ಹಾಗೆ ಅಫೀಮು ಮಾರುತ್ತಿದ್ದರು. ಉಂಡೆ ತಡವಾದ ದಿನ ಮಾತ್ರ ಅತ್ತೆಯವರಿಗೆ ಆಕಳಿಕೆ, ಮೂಗು ಸೋರುವುದು, ಕಾಲು ಸೆಳೆತ, ಮನೆಯವರೆಲ್ಲರಿಗೂ ಬೈಗುಳ.

ನನ್ನ ಮೊದಲ ಮಗನಿಗೆ ಹಲ್ಲು ಬರುತ್ತಿದ್ದ ದಿನಗಳು. ನಾನು ಬಟ್ಟೆ ಒಗೆಯಲು ಬಾವಿಗೆ ಹೋಗಿದ್ದೆ. ಕೂಸು ಅಳು ನಿಲ್ಲಿಸಲಿಲ್ಲವೆಂದು ಅತ್ತೆಯವರು ಬೆರಳ ತುದಿಗೆ ಚೂರು ಅಫೀಮು ಹಚ್ಚಿ ನೆಕ್ಕಿಸಿದರು. ಆಗ ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದದ್ದೇ ಅದು. ನಾನು ಬಂದು ನೋಡಿದರೆ ಕೂಸಿನ ತುಟಿ ಕಪ್ಪಿಟ್ಟಿತ್ತು, ಉಸಿರು ಎಲ್ಲೋ ಒಮ್ಮೆ. ತಲೆಯ ಮೇಲೆ ಸೆರಗೂ ಇಲ್ಲದೆ ಎತ್ತಿಕೊಂಡು ಸರ್ಕಾರಿ ದವಾಖಾನೆಗೆ ಓಡಿದೆ. ಡಾಕ್ಟರು ಅಂಗಾಲಿಗೆ ತಟ್ಟಿದರು, ಬಾಯಿಗೆ ಬಾಯಿ ಇಟ್ಟು ಊದಿದರು, ನನಗೆ ತಿಳಿಯದ ಇನ್ನೂ ಏನೇನೋ ಮಾಡಿದರು. ಹೊತ್ತು ಇಳಿಯುವಾಗ ಕೂಸು ಬಾಯಿ ತೆರೆದು ಅತ್ತಿತು.

ಅತ್ತೆಯವರು ಒಳಗೆ ಬರಲೇ ಇಲ್ಲ, ದವಾಖಾನೆಯ ಬಾಗಿಲಾಚೆ ಬಿಸಿಲಲ್ಲಿ ನಿಂತಿದ್ದರು. ಮನೆಗೆ ಬಂದ ಮೇಲೆ ಕೂಸನ್ನು ಮುಟ್ಟದೆ ಗೋಡೆಗೆ ಒರಗಿ ಕೂತರು. ನನಗೆ ಸಿಟ್ಟು ಕುದಿಯುತ್ತಿತ್ತು. ಏನಾದರೂ ಅಂದುಬಿಡಬೇಕೆಂದು ಎದುರಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, “ನಾ ಇದನ್ನ ಬಿಡಬೇಕು. ಹೆಂಗ ಬಿಡ್ಲಿ, ಅದನ್ನ ಯಾರರೆ ಹೇಳ್ರಿ” ಅಂದರು. ಆ ಮನೆಯಲ್ಲಿ ಅವರು ಇನ್ನೊಬ್ಬರನ್ನು ‘ಹೇಗೆ’ ಎಂದು ಕೇಳಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ನನ್ನ ಸಿಟ್ಟು ಅಲ್ಲಿಗೇ ನಿಂತಿತು.

ಮರುದಿನ ಡಾಕ್ಟರನ್ನು ಕೇಳಿಸಿದೆವು. ಒಮ್ಮೆಲೇ ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವೇ ಇಳಿಸಿರಿ ಎಂದು ಅವರು ಹೇಳಿ ಕಳಿಸಿದರು. ಮಾವನವರಿಗೆ ಅದು ಹಿಡಿಸಲಿಲ್ಲ. “ಬಿಡಸ್ರಿ ಅಂದ್ರ ಕೊಡ್ರಿ ಅಂತಾನ. ಇವನೆಂಥ ಡಾಕ್ಟರ?” ಎಂದು ಹೆಂಡತಿಯನ್ನು ಜೋಳದ ಖೋಲಿಯಲ್ಲಿ ಕೂಡಿಸಿ ಹೊರಗಿನಿಂದ ಚಿಲಕ ಹಾಕಿದರು. ಅತ್ತೆಯವರೂ ಒಪ್ಪಿಯೇ ಒಳಗೆ ಹೋಗಿದ್ದರು. ಎರಡು ದಿನ ಕಳೆಯುವುದರೊಳಗೆ ವಾಂತಿ, ಭೇದಿ, ಮೈಯೆಲ್ಲ ನಡುಕ. ಕಡೆಗೆ ಚಿಲಕ ತೆಗೆದು, ಉಂಡೆಯನ್ನು ತಮ್ಮ ಕೈಯಿಂದಲೇ ತಿನ್ನಿಸಿದವರು ಮಾವನವರೇ. ಆಮೇಲೆ ಅವರು ಅಂಗಡಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮುಂದೆ ಗಂಗಾವತಿಯ ಕಡೆಯ ಒಬ್ಬ ಔಷಧ ಮಾರುವವನು ಪುಡಿ ಕೊಟ್ಟ. ಎಂಥ ಚಟವಿದ್ದರೂ ಬಿಡಿಸುವ ಪುಡಿಯಂತೆ. ಬಿಡಿಸಿತು ನೋಡಿ! ಅತ್ತೆಯವರು ಡಬ್ಬಿ ಮುಟ್ಟಲಿಲ್ಲ, ಹಾಡು ಗುನುಗುತ್ತಾ ಓಡಾಡಿದರು. ನಾವು ಓಣಿಗೆಲ್ಲ ಸಕ್ಕರೆ ಹಂಚುವುದೊಂದು ಬಾಕಿ. ಪುಡಿ ತೀರಿತು, ಮರುದಿನವೇ ಆಕಳಿಕೆ, ಸೆಳೆತ, ಎಲ್ಲ ವಾಪಸು ಬಂದವು.

ಅದೇ ಹೊತ್ತಿಗೆ ತಳಕಲ್ಲಿಗೆ ಕೊಟ್ಟಿದ್ದ ನಾದಿನಿ ತವರಿಗೆ ಬಂದಿದ್ದಳು. ರೊಟ್ಟಿ ಬಡಿಯುತ್ತಾ ನನ್ನ ಕಿವಿಯಲ್ಲಿ, “ನಮ್ಮತ್ತಿನೂ ಮೊದಲ ಇದನ್ನ ತಿಂತಿದ್ರಂತ, ವೈನಿ. ಈಗ ಬಿಟ್ಟಾರ” ಅಂದಳು. ಬೀಗತಿಯ ಮುಂದೆ ಸಣ್ಣವರಾಗುವುದಕ್ಕಿಂತ ಅತ್ತೆಯವರು ಬಾವಿಗೆ ಬಿದ್ದಾರು ಎಂದು ನನಗೆ ಗೊತ್ತಿತ್ತು. ಆದರೂ ಯಾರನ್ನೂ ಕೇಳದೆ, “ನಿಮ್ಮತ್ತಿನ್ನ ಕಳಿಸು” ಎಂದೆ. ಇವತ್ತಿಗೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳುವ ಕೆಲವೇ ಕೆಲಸಗಳಲ್ಲಿ ಅದೊಂದು.

ನಾದಿನಿಯ ಅತ್ತೆ ಹಂಪಮ್ಮನವರು ಚಕ್ಕಡಿಯಿಂದ ಇಳಿದಾಗ ಅತ್ತೆಯವರು ಗಡಿಬಿಡಿಯಿಂದ ಹೊಸ ಸೀರೆ ಉಟ್ಟು, ಹೋಳಿಗೆಗೆ ಬೇಳೆ ಇಡಲು ಹೇಳಿದರು. ಹಂಪಮ್ಮನವರು ಕಾಲು ತೊಳೆದು ಬಂದವರೇ, “ಬೀಗತಿ, ನಾ ಹೋಳಿಗಿ ಉಣ್ಣಾಕ ಬಂದಿಲ್ಲ. ನಾನೂ ಅಫೀಮು ತಿಂದಾಕಿ. ನಿನಕಿಂತ ದೊಡ್ಡ ಉಂಡಿ” ಅಂದರು.

ಅತ್ತೆಯವರು ಬೀಗತಿಯ ಮುಖ ನೋಡಿ, “ನನಕಿಂತ ದೊಡ್ಡದಾ? ಎಷ್ಟು ದೊಡ್ಡದು, ತೋರ್ಸು ನೋಡೂಣು” ಎಂದರು. ಇಬ್ಬರೂ ಬೆರಳ ತುದಿ ಹಿಡಿದು ಅಳತೆ ತೋರಿಸಿಕೊಂಡರು. ಪುಡಿ ಕಟ್ಟಿದ್ದ ಕಾಗದವನ್ನು ಹಂಪಮ್ಮನವರು ನಾಲಿಗೆಗೆ ತಾಗಿಸಿ, “ಇದು ನನ್ನ ಹಳೇ ಗುರುತಿಂದು. ಅಫೀಮಿಗೇ ಸುಂಠಿ ಹಾಕಿ ಮಾರ್ಯಾನ” ಎಂದು ನಕ್ಕರು. ಅತ್ತೆಯವರೂ ನಕ್ಕರು.

ಹಂಪಮ್ಮನವರು ಹೇಳಿದ್ದೂ ಡಾಕ್ಟರು ಹೇಳಿದ್ದೂ ಒಂದೇ: ಉಂಡೆ ಮೆಲ್ಲಗೆ ಸಣ್ಣದಾಗಬೇಕು. ಆದರೆ ಹಂಪಮ್ಮನವರು ಹೇಳಿ ಹೊರಟುಹೋಗಲಿಲ್ಲ, ನಮ್ಮ ಮನೆಯಲ್ಲೇ ಉಳಿದರು. ಉಂಡೆ ಕಟ್ಟುವ ಕೆಲಸ ನನ್ನದಾಯಿತು. ಕಾಲು ಸೆಳೆದಾಗ ಔಡಲ ಎಲೆ ಬಿಸಿ ಮಾಡಿ ಕಟ್ಟುವುದು ಅವರದು. ನಡುವೆ ಒಮ್ಮೆ ಅತ್ತೆಯವರು ತಡೆಯಲಾರದೆ ತಾವೇ ಬಜಾರಿಗೆ ಹೋಗಿ ತಿಂದು ಬಂದರು. ಮಾವನವರು ಹರಿಹಾಯ್ದರು. ಹಂಪಮ್ಮನವರು ಮಾತ್ರ, “ತಿಂದಿ, ಆತು. ಬಂದು ಹೇಳಿದಿ, ಛಲೋ ಆತು. ನಾಳಿಗೆ ಮತ್ತ ಸಣ್ಣದು” ಎಂದರು.

ಒಂದು ಮಧ್ಯಾಹ್ನ ಮೂವರೂ ಶಾವಿಗೆ ಹೊಸೆಯುತ್ತಿದ್ದೆವು. ಹಂಪಮ್ಮನವರು, “ಮೊಣಕಾಲ ನೋವು ಯಾವಾಗ ಚಾಲೂ ಆತು ಬೀಗತಿ?” ಎಂದು ಕೇಳಿದರು.

“ಪಾರಿ ಹೋದ ವರ್ಷ” ಎಂದರು ಅತ್ತೆ.

ಪಾರಿ ಯಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ಗಂಡನ ಬೆನ್ನಿಗೆ ಹುಟ್ಟಿದ ಹುಡುಗಿಯಂತೆ. ಮಾತು ಕಲಿತು ಮನೆ ತುಂಬ ಓಡಾಡುವ ವಯಸ್ಸಿಗೆ ಜ್ವರದಲ್ಲಿ ಹೋದಳಂತೆ. ಆಗ ನಾದಿನಿ ಹೊಟ್ಟೆಯಲ್ಲಿದ್ದಳು. “ಹೊಟ್ಟ್ಯಾಗ ಕೂಸೈತಿ, ಅಳಬ್ಯಾಡ ಅಂದ್ರು ಹಿರ್‍ಯಾರು. ನಿದ್ದಿ ಬರಲಿ ಅಂತ ಒಂದು ಉಂಡಿ ಕೊಟ್ರು. ನಾ ಅಳಲಿಲ್ಲ, ಹಂಪಮ್ಮ” ಎಂದು ಅತ್ತೆಯವರು ಕೈಯಲ್ಲಿದ್ದ ಹಿಟ್ಟನ್ನು ನೋಡುತ್ತಾ ಕೂತರು.

ಬಾಗಿಲಲ್ಲಿ ಮಾವನವರು ನಿಂತಿದ್ದರು. ಯಾವಾಗ ಬಂದರೋ. ನಮ್ಮ ನಡುವೆ, ಹಿಟ್ಟು ಚೆಲ್ಲಿದ ನೆಲದ ಮೇಲೆಯೇ ಕೂತು, “ನನ್ನ ಚಪ್ಪಲಿ ಹಾಕ್ಕೊಂಡು ಅಂಗಡಿತನಕ ಬರ್ತಿದ್ದಳು” ಎಂದರು. ಅತ್ತೆಯವರು ಆಗ ಅತ್ತರು. ಯಾರೂ ಬೇಡ ಅನ್ನಲಿಲ್ಲ. ಆ ಸಂಜೆ ಆ ಮನೆಯಲ್ಲಿ ಪಾರಿಯದೇ ಮಾತು. ಅವಳು ಬೆಲ್ಲ ಕದ್ದದ್ದು, ಎಮ್ಮೆಗೆ ಹೆಸರಿಟ್ಟದ್ದು.

ಉಂಡೆ ಸಾಸಿವೆಯಷ್ಟಾಯಿತು, ಆಮೇಲೆ ಇಲ್ಲವಾಯಿತು. ಮೊಣಕಾಲ ನೋವು ಪೂರ್ತಿ ಹೋಗಲಿಲ್ಲ. ಬೈಗುಳವಂತೂ ಹೋಗಲೇ ಇಲ್ಲ. ಮೊಮ್ಮಗನನ್ನು ಅವರೇ ಎತ್ತಿ ಆಡಿಸಿದರು, ನಾನು ನಿಶ್ಚಿಂತೆಯಾಗಿ ಬಾವಿಗೆ ಹೋದೆ. ಮುಂದೆ ತಾವರಗೇರಾದಿಂದೆಲ್ಲ ಹೆಣ್ಣುಮಕ್ಕಳು, ಯಾವ ದೇವರಿಗೆ ನಡೆದುಕೊಂಡಿರಿ ಎಂದು ಅತ್ತೆಯವರನ್ನು ಕೇಳಲು ಬರುತ್ತಿದ್ದರು. “ದೇವರಿಗೂ ಹೋಗ್ರಿ, ಡಾಕ್ಟರ ಕಡೀಗೂ ಹೋಗ್ರಿ. ಆದ್ರ ಬಿಟ್ಟಾಕಿ ಒಬ್ಬಾಕಿನ್ನ ಮನಿಗೆ ಕರಕೊಂಡು ಬರ್ರಿ” ಎನ್ನುತ್ತಿದ್ದರು. ಕೆಲವರ ಸಂಗಡ ತಾವೇ ಚಕ್ಕಡಿ ಹತ್ತಿ ಹೋದರು.

ಇಷ್ಟನ್ನೂ ಬರೆದು ಪೆನ್ನು ಕೆಳಗಿಟ್ಟಾಗ ನನ್ನ ಕಣ್ಣು ಕಿಟಕಿಯ ಕಟ್ಟೆಯ ಮೇಲಿದ್ದ ನಿದ್ದೆ ಗುಳಿಗೆಗಳ ಕಡೆ ಹೋಯಿತು. ನಮ್ಮ ಯಜಮಾನರು ತೀರಿಕೊಂಡಾಗ, ಕೆಲವು ದಿನ ತೆಗೆದುಕೊಳ್ಳಿ ಎಂದು ಡಾಕ್ಟರು ಬರೆದುಕೊಟ್ಟದ್ದು. ಎರಡು ದೀಪಾವಳಿ ದಾಟಿದವು. ನಾನಿನ್ನೂ ಅದನ್ನು ‘ಔಷಧ’ ಎಂದೇ ಕರೆಯುತ್ತಿದ್ದೇನೆ. ಹೆದರಿಕೆಯೇನೂ ಆಗಲಿಲ್ಲ. ಸೊಸೆಯನ್ನು ಕರೆದೆ.

“ನನ್ನ ಸಂಗಾಟ ದವಾಖಾನಿಗೆ ಬರ್ತೀ ಏನವಾ? ಈ ಗುಳಗಿ ಬಿಡೂದೈತಿ. ಒಮ್ಮೆಲೇ ಬಿಡಬಾರದು, ಕೇಳಿಕೊಂಡು ಬಿಡಬೇಕು.”

ಅವಳು ನನ್ನ ಮುಖ ನೋಡಿದಳು. ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. “ನಾಳೆ ಮುಂಜಾನೆ ಹೋಗೂಣ್ರಿ, ಅತ್ತಿ. ಇವತ್ತ ಮಾವಾರ ಸುದ್ದಿ ಹೇಳ್ರಿ. ನಾ ಲಗ್ನ ಆಗಿ ಬರೂಕಿಂತ ಮೊದಲಿಂದು.”

ಹೇಳತೊಡಗಿದೆ. ಮೊದಲು ನಗು ಬಂತು. ಆಮೇಲೆ ಅಳು ಬಂತು. ಬರಲಿ ಎಂದು ಬಿಟ್ಟೆ.