ದಾಸವಾಳದ ಕಟಿಂಗ್

ಕಟಿಂಗ್ ಶಾಪಿನ ಮಾಮನಿಗೆ ಯಾರ ತಲೆಯಲ್ಲೇ ಆಗಲಿ, ಒಂದು ಕೂದಲು ಎದ್ದು ನಿಂತರೂ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಯ ಆಸೆಗೆಂದು ಅಂಗಡಿ ಬಾಗಿಲ ಪಕ್ಕ ನೆಟ್ಟ ಕೆಂಪು ದಾಸವಾಳಕ್ಕೂ ಅದೇ ಗತಿ. ದಿನಾ ಸಂಜೆ ಕತ್ತರಿ ಹಿಡಿದು, ಹೊಸ ಚಿಗುರನ್ನೆಲ್ಲ ಸವರಿ, ಗಿಡವನ್ನು ಚೆಂಡಿನ ಹಾಗೆ ಗುಂಡಗೆ ಮಾಡಿಬಿಡುತ್ತಿದ್ದ. ಎಲೆಗಳು ಮಿರಮಿರ ಮಿಂಚುತ್ತಿದ್ದವು. ಹೂವು ಮಾತ್ರ ಒಂದೂ ಇಲ್ಲ. ಟೀ ಚರಟ ಹಾಕಿದ, ಮೊಟ್ಟೆ ಸಿಪ್ಪೆ ಹಾಕಿದ, ಕೊನೆಗೆ ಬಾಯಿಗೆ ಬಂದ ಹಾಗೆ ಬೈದೂ ನೋಡಿದ.

"ಮೊಗ್ಗು ಬರೋದೇ ಚಿಗುರಿನ ತುದೀಲಿ ಕಣ್ರೀ. ದಿನಾ ಬೋಳಿಸಿದ್ರೆ ಅದು ಎಲ್ಲಿಂದ ಹೂ ಬಿಡಬೇಕು?" ಎಂದು ಹೆಂಡತಿ ಬಡಕೊಂಡಳು. ಕಿವಿಗೆ ಹಾಕಿಕೊಂಡರೆ ತಾನೇ!

ಹೀಗಿರುವಾಗ ಮಾಮ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡ. ಅಂಗಡಿಗೆ ಬೀಗ ಬಿತ್ತು. ಗಿಡ ತಲೆ ಕೆದರಿಕೊಂಡು ಬೆಳೆಯಿತು; ಒಂದು ಕೊಂಬೆಯಂತೂ ಬಾಗಿಲಿಗೇ ಅಡ್ಡ ಬಂತು. ಎದುರಿಗಿದ್ದ ಮನೆಯ ಕಿಟಕಿಯಿಂದ ಅದನ್ನು ನೋಡಿದಾಗಲೆಲ್ಲ ಪ್ಲಾಸ್ಟರಿನೊಳಗೇ ಅವನ ಕೈ ತುರಿಸುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ದಿನ ಕತ್ತರಿ ಹಿಡಿದು ನೇರ ಆ ಕೊಂಬೆಯ ಹತ್ತಿರವೇ ಹೋದ. ತುದಿಯಲ್ಲಿ ಕಿರುಬೆರಳಿನಷ್ಟು ಮೊಗ್ಗು. ಒಳಗಿಂದ ಕೆಂಪು ಇಣುಕುತ್ತಿತ್ತು. ಮಾಮ ಸುತ್ತಮುತ್ತ ನೋಡಿ, ಮೆಲ್ಲಗೆ ಕತ್ತರಿಯನ್ನು ಜೇಬಿಗಿಳಿಸಿದ.

ಮರುದಿನ ಹೂವು ಅಂಗೈಯಗಲ ಅರಳಿತ್ತು. ಹೆಂಡತಿ ಅದನ್ನು ಕೀಳದೆ ನೋಡುತ್ತಲೇ ನಿಂತಳು. ಅಷ್ಟರಲ್ಲಿ ಮೊದಲ ಗಿರಾಕಿ ಬಂದು, "ಮಾಮ, ಈ ಕೊಂಬೆ ಮುಖಕ್ಕೇ ಬಡೀತಿದೆ. ಕತ್ತರಿಸಬಾರದಾ?" ಅಂದ.

"ಒಳಗೆ ಬಂದ್ಮೇಲೆ ನನ್ ಮುಂದೆ ತಲೆ ಬಗ್ಗಿಸ್ಲೇಬೇಕಲ್ಲಪ್ಪ," ಅಂದ ಮಾಮ, "ಬಾಗಿಲಲ್ಲೇ ಬಗ್ಗಿಸ್ಕೊಂಡು ಬಾ."