ಅಜ್ಜಿಯ ಬೆರಳಿಗೆ ಚುಚ್ಚಿದ ಸೂಜಿ

ಮಗಳು ಇಂಗ್ಲಿಷ್ ಪದವೊಂದನ್ನು ಗಟ್ಟಿಯಾಗಿ ಓದುತ್ತಿದ್ದಳು: “ಇನ್ಸೆನ್ಸೇಟ್. ಲ್ಯಾಟಿನ್ ಮೂಲ. ಸ್ಪರ್ಶ ತಿಳಿಯದ, ಮನಸ್ಸು ಕರಗದ.” ಒಮ್ಮೆಲೇ ನನ್ನ ಬಾಲ್ಯದ ಭಾಲ್ಕಿಯ ಅಡುಗೆಮನೆಯ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಅಜ್ಜಿ ಬರಿಗೈಯಲ್ಲೇ ತಿರುವುತ್ತಿದ್ದಳು. ನಮಗೆಲ್ಲ ಅದೇ ಹೆಮ್ಮೆ. ಒಂದು ದಿನ ಬೆರಳು ಹಂಚಿಗೆ ತಾಗಿ ಚರ್ಮ ಸುಡುತ್ತಿದ್ದರೂ ಅಜ್ಜಿ ನಗುತ್ತ ಮಾತಾಡುತ್ತಲೇ ಇದ್ದಳು!

ನರ್ಸ್ ಆಗಿದ್ದ ಕಾಕು, ಚಿಕ್ಕಪ್ಪನ ಹೆಂಡತಿ, ಓಡಿಬಂದು ಆ ಕೈ ಎಳೆದಳು. ಸೂಜಿ ತಂದಳು.

“ಅತ್ತಿ, ಕಣ್ಣು ಮುಚ್ರಿ. ಚುಚ್ಚಿದ ಕೂಡ್ಲೆ ಹೇಳ್ರಿ.”

ಅಜ್ಜಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಬೇಸರಪಟ್ಟಳು.

“ಚುಚ್ಚವಾ, ಯಾಕ ತಡಾ ಮಾಡ್ಲಿಕ್ಕತ್ತಿ? ನಾ ಅಂಜಂಗಿಲ್ಲ.”

ಸೂಜಿ ಆಗಲೇ ಬೆರಳಿನೊಳಗಿತ್ತು. ಕಾಕು ಅಳುತ್ತಿದ್ದಳು.

ಮಗಳು ಈಗ ಆ ಪದಕ್ಕೊಂದು ಉದಾಹರಣೆ ಕೇಳುತ್ತಿದ್ದಾಳೆ. ಸೂಜಿಗಾಗಿ ಕಾಯುತ್ತಿದ್ದ ಆ ಮುಖವನ್ನು ಹೇಗೆ ಹೇಳಲಿ?